ಬೂದಿ ಹಾಕಿ ಬೆಳಗಿದ ಇಂಜಿನ್

ಕಾರಿನ ಇಂಜಿನ್ನಿನ ಒಳಗಿನಷ್ಟು ಹೊಲಸು ಜಾಗವನ್ನು ನಾನು ಇನ್ನೊಂದು ನೋಡಿಲ್ಲ. ಮೇಲಿನ ಮುಚ್ಚಳದಂಥ ಹೆಡ್ ಬಿಚ್ಚಿದರೆ ಕರಿ ಕಿಟ್ಟ, ಸುಟ್ಟ ಎಣ್ಣೆಯ ಜಿಗುಟು, ಹಳೆ ಪೆಟ್ರೋಲಿನ ನಾತ. ಎಣ್ಣೆ ಮಿಲ್ಲಿನ ಮನೆಯಲ್ಲಿ ಹುಟ್ಟಿ ಹಿಂಡಿಯ ವಾಸನೆಯಲ್ಲೇ ಬೆಳೆದ ನಾನೂ ಮೂಗು ಮುಚ್ಚಿಕೊಂಡೆ. ಆ ಕಿಟ್ಟವನ್ನಾದರೂ ಕ್ಷಮಿಸಬಹುದು, ಇಂಜಿನ್ ಬಿಚ್ಚಿಕೊಂಡು ಕೂತಿದ್ದ ನನ್ನನ್ನು ಕ್ಷಮಿಸುವುದು ಕಷ್ಟ.

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯ ನಮ್ಮ ಮನೆಗೆ ಅಪ್ಪ ಸೆಕೆಂಡ್ ಹ್ಯಾಂಡ್ ಸಣ್ಣ ಕಾರೊಂದನ್ನು ತಂದಿದ್ದರು. ಅವ್ವನಿಗೆ ಇದ್ದದ್ದು ಒಂದೇ ಆಸೆ: ರಾಂಪುರದ ಹತ್ತಿರದ ತವರಿಗೆ ಒಮ್ಮೆಯಾದರೂ ಸ್ವಂತ ಕಾರಿನಲ್ಲಿ ಹೋಗಿ ಇಳಿಯಬೇಕು. ಮದುವೆಯಾದಾಗಿನಿಂದ ಅವಳು ಬಸ್ಸಿಳಿದು, ಹೊಲದ ದಾರಿ ನಡೆದು, ಧೂಳುಗಾಲಲ್ಲೇ ಆ ಹೊಸ್ತಿಲು ತುಳಿದವಳು. "ಕಾರ್ ತಗಂಡ್ರಂತೆ, ಇನ್ನೂ ಬಸ್ಸೇ ಏನಮ್ಮ?" ಎಂದು ಅವಳ ಅತ್ತಿಗೆ, ಅಂದರೆ ನಮ್ಮತ್ತೆ, ಹೋದಾಗಲೆಲ್ಲ ಚುಚ್ಚುತ್ತಿದ್ದರು. ಕಾರೋ, ನಾಲ್ಕು ಜನ ಕೂತರೆ ಏದುಸಿರು ಬಿಡುತ್ತಿತ್ತು.

ಇಂಜಿನ್ನಿಗೆ ಗಾಳಿ ಹೋಗುವ ದಾರಿ ಒಳಗೆ ಒರಟಾಗಿರುತ್ತದೆ, ಅದನ್ನು ಅರದಿಂದ ಉಜ್ಜಿ ನುಣುಪು ಮಾಡಿದರೆ ಗಾಳಿ ಸರಾಗವಾಗಿ ನುಗ್ಗಿ ಶಕ್ತಿ ಹೆಚ್ಚುತ್ತದೆ ಎಂದು ಎಲ್ಲೋ ಓದಿದ್ದೆ. ಪೇಟೆಯ ಮೆಕ್ಯಾನಿಕ್ ಕೈಮುಗಿದ. "ಸಾವ್ಕಾರ್ರೇ, ಸಣ್ಣ ಇಂಜಿನ್ ಇಷ್ಟೇ ಎಳ್ಯೋದು. ಅದನ್ನ ಕೆರೀಬ್ಯಾಡ್ರಿ." ನನ್ನ ಓದಿನ ಸೊಕ್ಕಿಗೆ ಅದೆಲ್ಲಿ ನಾಟಬೇಕು!

ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಹೆಡ್ ಇಟ್ಟುಕೊಂಡು ಮೂರು ದಿನ ದುಂಡು ಅರದಲ್ಲಿ ಉಜ್ಜಿದೆ. ಕೋಲಿಗೆ ಎಮರಿ ಪೇಪರ್ ಸುತ್ತಿ ತಿರುವಿದೆ. ಹೊಳಪು ಬರಲಿಲ್ಲ. ಪಕ್ಕದಲ್ಲೇ ಅವ್ವ ಪಾತ್ರೆ ತಿಕ್ಕುತ್ತಿದ್ದಳು. ನಮ್ಮ ಒಲೆಗೆ ಶೇಂಗಾ ಸಿಪ್ಪೆಯೇ ಉರುವಲು. ಅದರ ಬೂದಿಗೆ ಚೂರು ಹುಣಸೆಹಣ್ಣು ಸೇರಿಸಿ ತಿಕ್ಕಿದರೆ ಹಿತ್ತಾಳೆ ಬಿಂದಿಗೆ ಫಳಫಳ ಹೊಳೆಯುತ್ತಿತ್ತು. ನಾನೂ ಒಂದು ಹಿಡಿ ತೆಗೆದುಕೊಂಡು ತಿಕ್ಕಿದೆ. ಗಾಳಿಯ ದಾರಿ ಕನ್ನಡಿಯಾಯಿತು.

"ಅದಕ್ಕೂ ಬೂದಿ ಹಾಕ್ತಾರೇನೋ?" ಎಂದಳು ಅವ್ವ, ಬಗ್ಗಿ ನೋಡಿ.

"ನಿಂಗೇನ್ ಗೊತ್ತಾಗ್ತೈತೆ ಅವ್ವ, ಸುಮ್ನಿರು."

ಸೀಮೆಎಣ್ಣೆಯಲ್ಲಿ ಒಂದು ಸಲ ಅದ್ದಿ, ಒರೆಸಿ, ಜೋಡಿಸಿಬಿಟ್ಟೆ.

ಎರಡು ದಿನ ಊರೊಳಗೆ ಕಾರು ಹಾರಿತು, ನಾನೂ ಹಾರಾಡಿದೆ. ಮೂರನೆಯ ದಿನ ಅಪ್ಪ, ಅವ್ವ, ತಂಗಿಯನ್ನು ಕೂರಿಸಿಕೊಂಡು ಹೊರಟೆ. ಮೊಳಕಾಲ್ಮೂರಿನಲ್ಲಿ ನಿಲ್ಲಿಸಿ ಅವ್ವ ಅತ್ತಿಗೆಗೊಂದು ರೇಷ್ಮೆ ಸೀರೆ ತೆಗೆದುಕೊಂಡಳು. ಅಲ್ಲಿಂದ ಮುಂದಕ್ಕೆ ಕಾರಿನ ಹಿಂದೆ ನೀಲಿ ಹೊಗೆ ಶುರುವಾಯಿತು. ರಾಂಪುರ ಇನ್ನೂ ದೂರವಿರುವಾಗಲೇ ಇಂಜಿನ್ ಕರಕರ ಎಂದು ನಿಂತೇಹೋಯಿತು. ದಾರಿಯಲ್ಲಿ ಸಿಕ್ಕ ಬೈಕಿನವನ ಕೈಲಿ ಹೇಳಿಕಳಿಸಿದ ಮೇಲೆ ಅವ್ವನ ಅಣ್ಣ, ನಮ್ಮ ಮಾವ, ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದರು. ಅವ್ವ ತವರಿಗೆ ಸ್ವಂತ ಕಾರಿನಲ್ಲೇ ಹೋದಳು: ಸೀರೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಟ್ರ್ಯಾಕ್ಟರಿನ ಹಿಂದೆ. ಊರ ನಾಯಿಗಳೆಲ್ಲ ಬೊಗಳುತ್ತಾ ಮನೆಯ ತನಕ ಬಂದವು.

ಮಾವನಿಗೆ ಇಂಜಿನ್ ಕೆಲಸ ಗೊತ್ತಿತ್ತು. ಅಂಗಳದಲ್ಲೇ ಕಾರ್ಬುರೇಟರ್ ಬಿಚ್ಚಿ, ಗಾಳಿಯ ದಾರಿಯೊಳಗೆ ಬೆರಳು ತೂರಿಸಿ ತೆಗೆದರು. ತುದಿಗೆ ಬೂದುಬಣ್ಣದ ರೊಜ್ಜು. ಹೆಬ್ಬೆರಳಿಗೆ ಉಜ್ಜಿ ನೋಡಿದರು, ಮರಳಿನ ಹಾಗೆ ಗರಗರ. ಸಂದಿಯಲ್ಲಿ ಉಳಿದಿದ್ದ ಬೂದಿ ಒಳಗಿಳಿದು ಸಿಲಿಂಡರನ್ನು ಉಜ್ಜಿ ಉಜ್ಜಿ ತಿಂದುಹಾಕಿತ್ತು.

"ಯಾವನ್ಲೇ ಇದಕ್ಕೆ ಬೂದಿ ಹಾಕಿದ್ದು?"

ಅಂಗಳದ ತುಂಬ ಜನ. ನಾನು ಬಗ್ಗಿ ಟೈರಿನ ಗಾಳಿ ನೋಡತೊಡಗಿದೆ.

"ನಾನೇ ಕಣಣ್ಣ," ಎಂದಳು ಅವ್ವ. "ಬಿಂದಿಗೆ ತಿಕ್ದಂಗೆ ತಿಕ್ಕಪ್ಪ, ಹೊಳೀತೈತೆ ಅಂತ ನಾನೇ ಹೇಳ್ದೆ. ಅವನು ಬ್ಯಾಡ ಬ್ಯಾಡ ಅಂದ."

ಅತ್ತೆ ಬಾಯಿಗೆ ಸೆರಗು ಹಿಡಿದರು. "ಹುಣಸೇಹಣ್ಣೂ ಹಾಕಿದ್ಯೇನಮ್ಮ?"

ಅಂಗಳವೇ ಬಿದ್ದು ಬಿದ್ದು ನಕ್ಕಿತು. ಅವ್ವ ತಲೆ ತಗ್ಗಿಸಿ ಸೀರೆಯ ಕಟ್ಟನ್ನು ಅತ್ತೆಯ ಕೈಗೆ ಕೊಟ್ಟಳು.

ಎಲ್ಲರ ಜೊತೆ ಸೇರಿ, ಎಲ್ಲರಿಗಿಂತ ಜೋರಾಗಿ, ನಾನೂ ನಕ್ಕೆ.