ಎರಡನೇ ಭಾಗದಾಗ ಮನಿ ಇದ್ದಿಲ್ಲ

ಡ್ಯಾಮಿನ ಹಿನ್ನೀರು ಬರತೈತಿ ಅಂತ ಬೀಳಗಿ ಕಡೆ ನಮ್ಮ ಹೊಳಿದಂಡಿ ಊರು ಬಿಡಿಸಿ, ಮ್ಯಾಲಿನ ಪುನರ್ವಸತಿ ಕೇಂದ್ರಕ್ಕ ತಂದು ಹಾಕಿದ್ರು. ಅಲ್ಲಿ ಎಲ್ಲಾ ಮನಿ ಒಂದ ನಮೂನಿ. ಊರು ಬಿಡೂಮುಂದ ಮಂದಿ ಗ್ವಾಡಿ ಬಿಟ್ರೂ ಬಾಗಿಲ ಚೌಕಟ್ಟು ಬಿಡಂಗಿಲ್ಲ. ಅಪ್ಪನೂ ನಮ್ಮ ಸಾಗವಾನಿ ಚೌಕಟ್ಟು ಕಿತ್ತು ಟ್ರ್ಯಾಕ್ಟರಿನಾಗ ಹೇರಿಕೊಂಡು ಬಂದ. ಖರೆ ತಂಗಿ ಅದನ್ನ ಹೊಸ ಮನಿಗೆ ಹಚ್ಚಗೊಡಲಿಲ್ಲ. ನೀರು ಇಳದ ಮ್ಯಾಲ ಹೊಳ್ಳಿ ಹೋಗೂದೈತಿ, ಇಲ್ಲಿ ಹಚ್ಚಿದ್ರ ಮುಗದ ಹೋತು ಅಂತ ಹಠ ಹಿಡದಳು. ಚೌಕಟ್ಟು ಅಂಗಳದಾಗ ಬಿತ್ತು, ಬಾಗಿಲಿಗೆ ಅವ್ವನ ಹಳೇ ಬನಹಟ್ಟಿ ಸೀರಿ ಬಂತು.

ತಂಗಿ ಕಾಲೇಜು ಬಿಟ್ಟು ಒಂದು ಇಂಗ್ಲಿಷ್ ಕಾದಂಬರಿ ಹಿಡಕೊಂಡು ಕುಂತಳು. ಅದರಾಗ, ಮುಂದೆಂದೋ ಒಂದು ಕಾಲದಾಗ ಸರಕಾರ ಮಂದೀನ ನಂಬರ್ ಹಾಕಿದ ಶೆಡ್ಡಿನಾಗ ತುಂಬಿರತೈತಿ, ಒಬ್ಬ ಹುಡುಗಿ ಬೇಲಿ ಹಾರಿ ತನ್ನೂರಿಗೆ ಓಡತಾಳ. ಮೊದಲನೇ ಭಾಗ ಅಲ್ಲಿಗೆ ಖಲಾಸ್. ಆಕಿ ಮನಿ ಮುಟ್ಟಿದ್ದು ಗೊತ್ತಾದ್ರ ಕಾಲೇಜಿಗೆ ಹೋಗ್ತೀನಿ ಅಂದಳು ತಂಗಿ.

ಎರಡನೇ ಭಾಗ ತರೂ ಜವಾಬ್ದಾರಿ ನನಗ ಬಿತ್ತು. ಜಮಖಂಡಿ ಕಾಲೇಜಿನ ಕ್ಯಾಂಟೀನಿನಾಗ ನಾ ರ‍್ಯಾಂಕ್ ಸ್ಟೂಡೆಂಟ್. ಮುಧೋಳದ ಪುಸ್ತಕದ ಅಂಗಡ್ಯಾಂವ ನನ್ನ ಮಾರಿ ನೋಡಿ ಹತ್ತನೇ ಕ್ಲಾಸಿನ ಗೈಡ್ ಕೈಯಾಗಿಟ್ಟ. ಕಡೀಕ ಜಮಖಂಡಿ ಬಸ್‌ಸ್ಟ್ಯಾಂಡ್ ಹಂತೇಕ ಹಳೇ ಪುಸ್ತಕದ ರಾಶಿಯಾಗ ಸಿಕ್ಕತು.

ಸಂಜಿಗೆ ಕೇಂದ್ರಕ್ಕ ಬಂದ್ರ ಕರೆಂಟ್ ಇಲ್ಲ. ಕತ್ತಲಾಗ ಬಾಗಿಲಿಗೆ ಕಂಡ ಸೀರಿ ಸರಿಸಿ ಒಳಗ ಹೋದೆ, ಅಂಗಿ ಕಳದೆ, ಹೊತಗೊಂಡು ಮಲಗಿದಾಕಿ ಮ್ಯಾಲ ಪುಸ್ತಕ ಒಗದು, ನೀ ಕಾಯೂ ಹುಡುಗಿ ಬಂದಾಳ ಏಳು ಅಂದೆ. ಕೌದಿ ಒಳಗಿಂದ ಮೀಸಿ ಎದ್ದು ಕುಂತಿತು. ಆ ಮನುಷ್ಯಾನ ಹೆಂಡತಿ ರೊಟ್ಟಿ ಬಡಿಯೂದು ನಿಲ್ಲಿಸಿ, "ಯಾವಾಕಿ?" ಅಂದಳು. ಅವರೂ ಬಾಗಿಲಿಗೆ ಸೀರಿನ ಕಟ್ಟಿದ್ರು; ನಮ್ಮನಿ ಇನ್ನೂ ಎರಡು ಬಾಗಿಲ ಆಚೆ ಇತ್ತು. ಅಂಗಿ ಮರತು ಪುಸ್ತಕ ಅಷ್ಟ ಹಿಡಕೊಂಡು ಓಡಿದೆ.

ತಂಗಿ ಡಿಕ್ಷನರಿ ಬಾಜೂಕ ಇಟಗೊಂಡು ಓದಿದಳು. ಮುಗಿಸಿದ ದಿನ ಊಟಕ್ಕ ಕುಂತಾಗ ಕೇಳಿದೆ, "ಮುಟ್ಟಿದಳೇನು?"

"ಮುಟ್ಟಿದಳು. ಮನಿ ಇದ್ದಿಲ್ಲ."

ಮೂರನೇ ಭಾಗದಾಗ ಕಟ್ಟಿಸಿ ಕೊಡತಾರ ತಗೋ ಅಂದೆ. ಅವ್ವ ನನ್ನ ತಾಟಿಗೆ ಪಲ್ಯ ಹಾಕೂದು ಮರತು ಕುಂತಳು. ತಂಗಿ ಕೈ ತೊಳಕೊಂಡು ಬಂದು ಅಂದಳು, "ಅಪ್ಪಾ, ನಾಳಿ ಚೌಕಟ್ಟು ಹಚ್ಚು."

ಹಳೇ ಚೌಕಟ್ಟು ಹೊಸ ಮನಿಗೆ ದೊಡ್ಡದಾತು. ಅಪ್ಪ ಸಿಮೆಂಟ್ ಗ್ವಾಡಿ ಒಡದು ಕುಂದ್ರಿಸಿದ.

ಮರುದಿನ ಬಸ್ ಇಳದು ರೂಢಿ ಮ್ಯಾಲ ಬಾಗಿಲ ಸೀರಿ ಹುಡುಕ್ಕೋತ ನಡದೆ. ಒಂದು ಕಡೆ ಚೌಕಟ್ಟಿನ ಮ್ಯಾಲ ಸಣ್ಣಾಂವಿದ್ದಾಗ ನಾ ಸೈಕಲ್ ಹಾಯಿಸಿದ ಕಚ್ಚು ಕಂಡಿತು. ಕಾಲು ತಾವ ನಿಂತವು. ನಮ್ಮನಿ ಹೊಳಿದಂಡಿಗೆ ಐತಿ, ಇದು ಇಲ್ಲ್ಯಾಕ ಬಂತು ಅನಕೋತ ಮುಂದ ದಾಟಿಬಿಟ್ಟೆ.

ಹೊಳ್ಳಿ ನೋಡಿದ್ರ ತಂಗಿ ಕಾಲೇಜಿನ ಬ್ಯಾಗ್ ಒರಸಕೋತ ಅದ ಚೌಕಟ್ಟಿನ ಹೊಸ್ತಿಲದಾಗ ಕುಂತಿದ್ದಳು.

"ಲೇ, ಇದ ನಮ್ಮನಿ," ಅಂದಳು. "ಒಳಗ ಬಾ."