ಅಡ್ಡಹೆಸರು ಉಳಿದುಹೋದ ಪಟ್ಟಿ

ನಮ್ಮ ನರ್ಸಬಾಯಿಯವರ ಬಲಗೈ ಹೆಬ್ಬೆರಳು ಸದಾ ನೀಲಿ. ರಕ್ತ ಕೊಡುವವರಿಂದ ಒಪ್ಪಿಗೆಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವ ಮುನ್ನ ತಾವೇ ಹಳೇ ಪೇಪರಿನ ಮೇಲೆ ಒತ್ತಿ ತೋರಿಸುತ್ತಿದ್ದರು. ತೊಂಬತ್ತರ ದಶಕ ಮುಗಿಯುತ್ತಿತ್ತು. ಥಲಸ್ಸೀಮಿಯಾ ಎಂಬ ರಕ್ತದ ರೋಗ ಮನೆತನಗಳಲ್ಲಿ ಹೇಗೆ ಇಳಿದು ಬರುತ್ತದೆಂದು ತಿಳಿಯಲು ನಮ್ಮ ಪ್ರಯೋಗಾಲಯ ಬೈಲಹೊಂಗಲ, ಸವದತ್ತಿ ಕಡೆಯ ಹಳ್ಳಿಗಳ ರಕ್ತ ಸಂಗ್ರಹಿಸಿ ಫ್ರೀಜರಿನಲ್ಲಿ ಕಾಯ್ದಿಡುತ್ತಿತ್ತು. ನಾನು ಹೊಸ ಟೆಕ್ನಿಷಿಯನ್, ಮಹಾ ಅವಸರದವನು.

ನರ್ಸಬಾಯಿ ಒಪ್ಪಿಗೆಪತ್ರ ಓದಿ ಹೇಳಿ, "ಏನ್ ತಿಳೀತು, ಈಗ ನೀವು ನನಗ ತಿರುಗಿ ಹೇಳ್ರಿ" ಎನ್ನುವರು. ಹೇಳಲಾಗದವರ ರಕ್ತ ಮುಟ್ಟುತ್ತಿರಲಿಲ್ಲ. ದೊಡವಾಡದಲ್ಲಿ ಒಬ್ಬ ಅಜ್ಜನಿಗೆ ಮೂರು ಸಲ ತಿಳಿಸುವಷ್ಟರಲ್ಲಿ ಬಸ್ಸೇ ಹೋಯಿತು. ನಾನು ಸಿಡಿಮಿಡಿಗೊಂಡೆ.

"ಬಸ್ಸು ಇನ್ನೊಂದು ಬರತೈತಿ. ರಕ್ತ ಒಮ್ಮೆ ಹೋತಂದ್ರ ಅವ್ರ ಕೈಯಾಗ ಏನ್ ಉಳಿತೈತೋ ತಮ್ಮಾ?" ಎಂದರು.

ಮುಂದೆ ಬೇರೆ ಊರಿನ ಪ್ರಯೋಗಾಲಯವೊಂದು ನಮ್ಮ ಮಾದರಿಗಳನ್ನೂ ಮಾಹಿತಿಯನ್ನೂ ಕೇಳಿತು. ಗುರುತು ಸಿಗದಂತೆ ಕೊಡಬಹುದೆಂದು ಜನ ಮೊದಲೇ ಒಪ್ಪಿದ್ದರು. ಪಟ್ಟಿ ಮಾಡಿದವನು ನಾನು. ಹೆಸರುಗಳನ್ನೆಲ್ಲ ಅಳಿಸಿದೆ, ಊರು, ವಯಸ್ಸು, ಅಡ್ಡಹೆಸರು ಹಾಗೇ ಉಳಿಸಿದೆ. ಮನೆತನ ತಿಳಿಯದೆ ಅದೆಂಥ ಅಧ್ಯಯನ ಎಂಬ ಜಾಣತನ ನನ್ನದು. ನರ್ಸಬಾಯಿಯವರಿಗೆ ತೋರಿಸದೆ ಕಳಿಸಿಯೂಬಿಟ್ಟೆ. ಆಮೇಲೆ ನಕಲು ನೋಡಿದ ಅವರು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಹೂಲಿ ಊರಾಗ ಈ ಅಡ್ಡಹೆಸರಿಂದು ಒಂದ ಮನಿ ಐತೋ. ಹತ್ತೊಂಬತ್ತರ ಹುಡುಗಿ ಅಂದ್ರ ಆಕೀನ! ಹೆಸರು ಅಳಿಸಿ ಮನಿ ಬಾಗಲಾ ತೋರ್ಸಿದಿ."

ತಡವಾಗಿತ್ತು. ಆ ಪ್ರಯೋಗಾಲಯದ ನೌಕರನೊಬ್ಬ ರಾಮದುರ್ಗದವನು, ಆ ಹುಡುಗಿಗೆ ನಿಶ್ಚಯವಾಗಿದ್ದ ವರನ ಸಂಬಂಧಿ. ಆಕೆಯ ರಕ್ತದಲ್ಲಿ ರೋಗದ ಅಂಶವಿದೆಯೆಂಬ ಸುದ್ದಿ ವರನ ಮನೆ ಮುಟ್ಟಿತು. ಮದುವೆ ಮುರಿಯಿತು.

ಇಬ್ಬರೂ ಹೂಲಿಗೆ ಹೋದೆವು. ಹುಡುಗಿಯ ತಾಯಿ ಒಳಗೆ ಕರೆಯಲಿಲ್ಲ.

"ಯಾರಿಗೂ ಗೊತ್ತಾಗಂಗಿಲ್ಲ ಅಂತ ಮಾತು ಕೊಟ್ಟಾಕಿ ನೀನ ಅಲ್ಲೇನ, ನರ್ಸಬಾಯಿ?"

"ಹೌದವ್ವಾ, ನಾನ. ತಪ್ಪು ನಂದ."

ಪಟ್ಟಿ ಮಾಡಿದ ನಾನು ಪಕ್ಕದಲ್ಲೇ ನಿಂತು, ತಪ್ಪು ಅವರ ತಲೆಗೇ ಬೀಳಲು ಬಿಟ್ಟೆ. ನಾಚಿಕೆಗೇಡು. ಬಸ್ಸಿನಲ್ಲಿ, ಯಾಕೆ ಹಾಗೆಂದಿರಿ ಎಂದು ಕೇಳಿದೆ.

"ಅವ್ರು ರಕ್ತ ಕೊಟ್ಟಿದ್ದು ನನ್ನ ಮಾತಿಗೆ. ನೀ ಯಾರಂತ ಅವ್ರಿಗೇನ್ ಗೊತ್ತು?" ಎಂದು ಕಿಟಕಿಯ ಕಡೆ ತಿರುಗಿದರು.

ಮರುದಿನದಿಂದ ಪಟ್ಟಿಗಳಲ್ಲಿ ಬರೀ ಸಂಖ್ಯೆ ಹಾಕಿಸಿದರು. ಹೂಲಿಯಲ್ಲಿ ಮಾತ್ರ ಅವರನ್ನು ಮತ್ತೆ ಯಾರೂ ಮನೆಗೆ ಕರೆಯಲಿಲ್ಲ.

ಕೆಲವು ವರ್ಷಗಳಲ್ಲೇ ಅವರು ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದಂದಿನಿಂದ ನನಗೆ ಕುಂತಲ್ಲಿ ಕುಂದ್ರಲಾಗುತ್ತಿಲ್ಲ. ಆ ತಾಯಿಗೆ ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಸವದತ್ತಿಯವರೆಗೆ ಹೋಗಿ, ಹೂಲಿಯ ಬಸ್ಸು ಹತ್ತಲಾರದೆ ತಿರುಗಿ ಬಂದಿದ್ದೇನೆ. ಆ ಮನೆಯಲ್ಲಿ ಇಂದಿಗೂ ಮಾತು ತಪ್ಪಿದವರು ಅವರೇ.