ಹೋಳು ಮಾತ್ರ ಮಾರಿದವಳು

ನಮ್ಮ ದೊಡ್ಡವ್ವನ ಬಲಗೈ ನಡುಬೆರಳಿನ ಗೆಣ್ಣು ಗೋಲಿಯಷ್ಟು ದಪ್ಪಗಿತ್ತು. ಬೇಸಿಗೆಯುದ್ದಕ್ಕೂ ಆ ಗೆಣ್ಣಿನಿಂದ ಕಲ್ಲಂಗಡಿ ಕುಟ್ಟಿ, ತಲೆ ವಾರೆ ಮಾಡಿ ಸದ್ದು ಕೇಳುತ್ತಿದ್ದಳು. ಇನ್ನೂ ಎರಡು ದಿನ ಬೇಕು ಎಂದು ಬಿಟ್ಟರೆ ಸರಿಯಾಗಿ ಎರಡೇ ದಿನ. ಗಬ್ಬೂರಿನ ಹತ್ತಿರ ಹಳ್ಳದ ಮರಳಿನಲ್ಲಿ ಬಳ್ಳಿ ಹಬ್ಬಿಸಿ, ಬೆಳೆದದ್ದನ್ನು ದೇವದುರ್ಗದ ರಸ್ತೆಗೆ ಹೊತ್ತು ತಂದು ಬೇವಿನ ಮರದ ಕೆಳಗೆ ಕುಳಿತುಕೊಳ್ಳುತ್ತಿದ್ದಳು.

ಇಡೀ ಹಣ್ಣು ಮಾರುತ್ತಿರಲಿಲ್ಲ. ತಾನು ಕೊಯ್ದ ಹೋಳು ಮಾತ್ರ. ಇದರಿಂದ ಅರ್ಧ ಗಿರಾಕಿಗಳು ಮುಂದೆ ಹೋಗುತ್ತಿದ್ದರು, ಹೋದರೆ ಹೋಗಲಿ ಎಂದು ಸುಮ್ಮನಿರುತ್ತಿದ್ದಳು. ನಾವು ಊರ ಹೊರಗಿನ ಕೇರಿಯವರು. ಊರಿನವರು ನಮ್ಮಿಂದ ಇಡೀ ಹಣ್ಣು ಒಯ್ದು, ಮನೆಯಲ್ಲಿ ತೊಳೆದು ತಾವೇ ಕೊಯ್ದುಕೊಳ್ಳುತ್ತಾರೆ. ಸಿಪ್ಪೆಯ ಮೇಲೆ ನಮ್ಮ ಕೈ ನಡೆಯುತ್ತದೆ, ತಿರುಳಿನ ಮೇಲೆ ನಡೆಯುವುದಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಮೊದಲು ಆಕೆಯೂ ಇಡೀ ಹಣ್ಣನ್ನೇ ಮಾರುತ್ತಿದ್ದಳು. ನಾನು ಏಳನೆಯ ತರಗತಿ ಪಾಸಾದಾಗ ಹಿಗ್ಗಿ ಹೀರೇಕಾಯಿಯಾಗಿ, ಎರಡು ಒಳ್ಳೆಯ ಹಣ್ಣು ಕೊಯ್ದು ಹೋಳು ಮಾಡಿ ಬುಟ್ಟಿಯಲ್ಲಿ ಜೋಡಿಸಿ, ಒಗೆದ ಬಟ್ಟೆ ಮುಚ್ಚಿ ಶಾಲೆಗೆ ತಂದಳು. ಹೆಡ್‌ಮಾಸ್ತರರು ಮುಖ ಎತ್ತದೆ ಅಲ್ಲಿಡು ಎಂದರು. ಸಂಜೆ ಬುಟ್ಟಿ ತರಲು ನಾವಿಬ್ಬರೂ ಅವರ ಮನೆಗೆ ಹೋದಾಗ, ಹಿತ್ತಲಲ್ಲಿ ಅವರ ಎಮ್ಮೆ ಆ ಹೋಳುಗಳನ್ನು ತಿನ್ನುತ್ತಿತ್ತು. ದೊಡ್ಡವ್ವ ಖಾಲಿ ಬುಟ್ಟಿ ಎತ್ತಿಕೊಂಡಳು. ಮರುದಿನದಿಂದ ಇಡೀ ಹಣ್ಣು ಮಾರುವುದು ನಿಂತಿತು.

"ಹಸದಾವ ಮನಿ ಮಟ ತಡ್ಕೋತಾನ. ನೀರಡಿಸಿದಾವ ತಡ್ಕೊಳ್ಳಂಗಿಲ್ಲ. ಬರ್ತಾನ," ಎನ್ನುತ್ತಿದ್ದಳು. ಯಾರು ಎಂದು ನಾನು ಕೇಳಲಿಲ್ಲ.

ಹತ್ತು ಬೇಸಿಗೆ ಕಾದಳು. ನಾನಾಗ ರಾಯಚೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ಮೇ ತಿಂಗಳ ಒಂದು ಮಧ್ಯಾಹ್ನ ಊರಿಗೆ ಹೊರಟರೆ, ನನ್ನ ಮುಂದಿನ ಸೀಟಿನಲ್ಲೇ ಆ ಹೆಡ್‌ಮಾಸ್ತರರು. ನಿವೃತ್ತರಾಗಿದ್ದರು. ಗಬ್ಬೂರು ಇನ್ನೂ ಸ್ವಲ್ಪ ದೂರ ಇರುವಾಗ ಎಂಜಿನ್ ಕಾದು ಬಸ್ಸು ನಿಂತುಬಿಟ್ಟಿತು, ಬೇವಿನ ಮರದಿಂದ ನಾಲ್ಕು ಹೆಜ್ಜೆ ಈಚೆಗೆ. ದೇವರು ಇದ್ದಾನೋ ಇಲ್ಲವೋ, ಆವತ್ತು ಹಳೆಯ ಬಸ್ಸು ಇತ್ತು.

ಎಲ್ಲರೂ ಇಳಿದು ದೊಡ್ಡವ್ವನ ಹಣ್ಣಿಗೆ ಮುಗಿಬಿದ್ದರು. ಹೆಡ್‌ಮಾಸ್ತರರ ನೀರಿನ ಬಾಟಲಿ ಆಗಲೇ ಬರಿದಾಗಿತ್ತು. ಅವರು ಇಡೀ ಹಣ್ಣು ಕೇಳಿದರು, ಚಾಕು ತಮ್ಮ ಹತ್ತಿರ ಇದೆ ಎಂದರು.

"ಇಡೀ ಹಣ್ಣು ಮಾರಂಗಿಲ್ರಿ. ಕೊಯ್ದದ್ದು ಬೇಕಂದ್ರ ಕೊಡ್ತೀನಿ."

ಅವರು ರಸ್ತೆಯ ಆಚೆ ಈಚೆ ನೋಡಿದರು. ಬೇರೆ ಅಂಗಡಿ ಇರಲಿಲ್ಲ. ತುಟಿ ಸವರಿಕೊಂಡು ಕೈ ಚಾಚಿದರು. ಒಂದು ತಿಂದರು, ಎರಡು ತಿಂದರು, ನಾಲ್ಕು ತಿಂದರು. ಸಕ್ಕರೆಯಂತಿದೆ ಎಂದೂ ಹೊಗಳಿದರು. ಆಕೆಯ ಗುರುತು ಅವರಿಗೆ ಸಿಕ್ಕಿರಲಿಲ್ಲ. ದೊಡ್ಡವ್ವ ಅವಸರ ಮಾಡಲಿಲ್ಲ, ನಾಲ್ಕನೆಯದು ಗಂಟಲಿಗಿಳಿಯುವ ತನಕ ಬಿಟ್ಟಳು.

"ಸರ, ಆವತ್ತ ನಮ್ಮ ಹೋಳು ನಿಮ್ಮ ಎಮ್ಮಿ ತಿಂದಿತ್ತು. ಇವತ್ತ ನೀವು ತಿಂದ್ರಿ."

ಬಸ್ಸಿನವರೆಲ್ಲ ಕೇಳಿಸಿಕೊಂಡರು. ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು, ಆಕೆಯ ಕಡೆ ನೋಡಿದರು, ಮುಖ ಕಪ್ಪಿಟ್ಟಿತು. ಬಸ್ಸು ಹೊರಡುವ ತನಕ ಬಿಸಿಲಲ್ಲೇ ನಿಂತರು. ನನಗೆ ಹೊಟ್ಟೆ ತುಂಬ ಖುಷಿಯಾಯಿತು. ವಯಸ್ಸಾದವರು, ಗುರುಗಳು, ಪಾಪ ಎಂದು ಆವತ್ತೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ನಾನು ಬಸ್ಸು ಹತ್ತದೆ ಆಕೆಯ ಹತ್ತಿರವೇ ಉಳಿದೆ. ಸಿಟ್ಟು ಆರಿತೇ ಎಂದು ಕೇಳಿದೆ. "ಎಮ್ಮಿ ಮ್ಯಾಲ ನಂದೇನೂ ಸಿಟ್ಟಿಲ್ಲ, ಅದಕ್ಕ ರುಚಿ ಗೊತ್ತಿತ್ತು," ಎಂದಳು. "ಅವನ ಮ್ಯಾಲಿಂದು ಯಾಕ ಆರಬೇಕವ್ವ?"

ನಾನೀಗ ಮಾನ್ವಿಯ ಶಾಲೆಯಲ್ಲಿ ಶಿಕ್ಷಕಿ. ಮನೆಯಿಂದ ಏನಾದರೂ ತಂದ ಮಗುವಿನ ಕೈಯಿಂದ ಅಲ್ಲೇ, ಎಲ್ಲರೆದುರು ತೆಗೆದುಕೊಂಡು ತಿನ್ನುತ್ತೇನೆ. ಆಕೆಯ ಋಣ ಅಷ್ಟಾದರೂ ತೀರಲಿ ಎಂದು.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಮಣ್ಣಿಗೆ ಊರಿನ ಹಿರಿಯರೊಬ್ಬರು ಬಂದಿದ್ದರು. ಕುಣಿಯ ಪಕ್ಕ ನಿಂತು, ಈಕೆಯದು ದೊಡ್ಡ ಮನಸ್ಸು, ಯಾರು ಏನು ಮಾಡಿದರೂ ಹೊಟ್ಟೆಗೆ ಹಾಕಿಕೊಂಡಳು ಎಂದರು. ನಮ್ಮವರೂ ತಲೆ ಆಡಿಸಿದರು. ನನಗೆ ತಡೆಯಲಾಗಲಿಲ್ಲ.

"ಆಕಿ ಯಾರ್ನೂ ಮಾಫ್ ಮಾಡಿದ್ದಿಲ್ರಿ," ಎಂದೆ. "ನಾನೂ ಮಾಡಂಗಿಲ್ಲ."

ಆಮೇಲೆ ಮಣ್ಣು ಹಾಕಿದೆವು.